ಬೇಲಿಯಲ್ಲಿರಲಿ, ಬಚ್ಚಲೊಲೆಗೆ ಬೇಡ: ಕ್ರಿಯೋಸೋಟ್ ಕುಡಿದ ಮರದ ಬಗ್ಗೆ

(ಸಾಗರ ಸೀಮೆಯ ಅಡಿಕೆ ಬೆಳೆಗಾರರು, ಬಡಗಿಗಳು ಮತ್ತು ಹೋಂಸ್ಟೇ ನಡೆಸುವವರ ಮುಂದೆ ಆಡಿದ ಮಾತುಗಳನ್ನು ಓದಿಗೆ ಹೊಂದುವಂತೆ ತಿದ್ದಿ ಇಲ್ಲಿ ಕೊಟ್ಟಿದೆ.)

ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ಅದೇ ಹಳಿ ಅರಸಾಳು, ಆನಂದಪುರ, ಸಾಗರ ದಾಟಿ ತಾಳಗುಪ್ಪ ಮುಟ್ಟಿದ್ದು 1940ರಲ್ಲಿ. ಹಳಿಗಳ ಅಡಿಯಲ್ಲಿ ಮರದ ದಿಮ್ಮಿ, ಅಂದರೆ ಸ್ಲೀಪರ್, ಮಲಗಿಸುವ ಕಾಲ ಈಗ ಬಹುಮಟ್ಟಿಗೆ ಮುಗಿದಿದೆ. ಲಡ್ಡಾಗದಿರಲೆಂದು ಅವುಗಳಲ್ಲಿ ಬಹಳಷ್ಟಕ್ಕೆ ಕ್ರಿಯೋಸೋಟ್ ಎಂಬ ಟಾರಿನ ಎಣ್ಣೆ ಕುಡಿಸುತ್ತಿದ್ದರು. ಕಾಂಕ್ರೀಟ್ ಸ್ಲೀಪರ್ ಬಂದ ಮೇಲೆ ದೇಶದುದ್ದಕ್ಕೂ ಮರದ ಸ್ಲೀಪರ್‌ಗಳು ನೆಲ ಬಿಟ್ಟೆದ್ದವು, ಹರಾಜಿಗೆ ಹೋದವು, ಅಲ್ಲಿಂದ ಟಿಂಬರ್ ಡಿಪೊ, ಗುಜರಿ ಅಂಗಡಿಗಳ ಮೂಲಕ ಮನೆಗಳಿಗೆ ಬಂದವು. ನಮ್ಮ ಕಡೆ ಅವು ದಣಪೆಯ ಕಂಬವಾಗಿವೆ, ಕೊಟ್ಟಿಗೆಯ ತೊಲೆಯಾಗಿವೆ, ಅಡಿಕೆ ಚಪ್ಪರದ ಕಾಲಾಗಿವೆ, ಧರೆ ಕುಸಿಯದಂತೆ ಅಡ್ಡ ಕೊಟ್ಟ ಗೋಡೆಯಾಗಿವೆ. ಈಚೆಗೆ ಹೋಂಸ್ಟೇಗಳಲ್ಲಿ ಊಟದ ಮೇಜಾಗಿಯೂ ಕಾಣುತ್ತಿವೆ.

ಇದರಲ್ಲಿ ಯಾವುದು ಸರಿ, ಯಾವುದು ತಪ್ಪು ಎಂದು ಮೊದಲೇ ಹೇಳಿಬಿಡುತ್ತೇವೆ. ಮೂವತ್ತು ನಲವತ್ತು ವರ್ಷ ಮಳೆ ಬಿಸಿಲು ತಿಂದ ಸ್ಲೀಪರ್ ಮನೆಯಿಂದ ದೂರದ ಬೇಲಿಯಲ್ಲಿ ನಿಂತಿದ್ದರೆ ಅದು ಮಾಡುವ ಕೆಡುಕು ಕಡಿಮೆ. ಅದನ್ನು ಕೊಯ್ದರೆ, ಮಾಡಿನ ಅಡಿಗೆ ತಂದರೆ, ಒಲೆಗೆ ತುರುಕಿದರೆ ಕೆಡುಕು ಹೆಚ್ಚುತ್ತದೆ. ಈ ಮೂರರಲ್ಲಿ ಒಲೆಯೇ ಎಲ್ಲಕ್ಕಿಂತ ಕೆಟ್ಟದ್ದು. ನಮ್ಮ ಮನೆಗಳಲ್ಲಿ ಅತಿ ಸುಲಭವಾಗಿ ಆಗುವ ತಪ್ಪೂ ಅದೇ.

ಕ್ರಿಯೋಸೋಟ್ ಅಂದರೆ ಏನು? ಗಾಳಿ ಸೋಕದಂತೆ ಕಲ್ಲಿದ್ದಲನ್ನು ಕಾಯಿಸಿ ಕೋಕ್ ಮಾಡುವಾಗ ದಪ್ಪನೆಯ ಕರಿ ಟಾರು ಸಿಗುತ್ತದೆ. ಆ ಟಾರನ್ನು ಭಟ್ಟಿ ಇಳಿಸಿದಾಗ ಹೆಚ್ಚುಕಡಿಮೆ 200ರಿಂದ 400 ಡಿಗ್ರಿ ಸೆಲ್ಸಿಯಸ್ ನಡುವೆ ಇಳಿಯುವ ಎಣ್ಣೆ ಇದು. ಒಂದೇ ವಸ್ತುವಲ್ಲ, ನೂರಾರು ವಸ್ತುಗಳ ಬೆರಕೆ. ನುಸಿಗುಳಿಗೆಯ ನ್ಯಾಫ್ತಲೀನ್ ಇದರಲ್ಲಿದೆ, ಫಿನಾಲ್ ಮತ್ತು ಕ್ರೆಸಾಲ್ ಇವೆ, ಆಂತ್ರಸೀನ್ ಇದೆ, ಬೆಂಜೊಪೈರೀನ್ ಇದೆ. ಮರ ತಿನ್ನುವ ಬೂಷ್ಟು, ಒರಲೆ ಎರಡಕ್ಕೂ ಇದು ವಿಷ. ಎಣ್ಣೆಯಾದ್ದರಿಂದ ನೀರನ್ನೂ ದೂರ ಇಡುತ್ತದೆ. ಇಂಗ್ಲೆಂಡಿನ ಜಾನ್ ಬೆಥೆಲ್ 1838ರಲ್ಲಿ ಪೇಟೆಂಟ್ ಪಡೆದ ವಿಧಾನದಲ್ಲಿ ಮರವನ್ನು ಉಕ್ಕಿನ ಸಿಲಿಂಡರಿನೊಳಗೆ ಹಾಕಿ, ಒಳಗಿನ ಗಾಳಿಯನ್ನು ಹೀರಿ, ಆಮೇಲೆ ಒತ್ತಡ ಕೊಟ್ಟು ಬಿಸಿ ಎಣ್ಣೆಯನ್ನು ನುಗ್ಗಿಸುತ್ತಾರೆ. ನಮ್ಮ ದೇಶದಲ್ಲಿ ಪಂಜಾಬಿನ ಧಿಲ್ವಾನ್, ಅಸ್ಸಾಮಿನ ನಾಹರ್‌ಕಟಿಯಾ, ಕೇರಳದ ಒಲವಕ್ಕೋಡಿನಂಥ ಕಡೆ ಸ್ಲೀಪರ್‌ಗಳಿಗೆ ಎಣ್ಣೆ ಕುಡಿಸುವ ಘಟಕಗಳಿದ್ದವು. ಖರ್ಚು ಇಳಿಸಲು ಕ್ರಿಯೋಸೋಟಿಗೆ ಫರ್ನೇಸ್ ಆಯಿಲ್ ಬೆರೆಸುವುದೂ ವಾಡಿಕೆಯಾಗಿತ್ತು.

ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ರಿಯೋಸೋಟನ್ನು 2ಎ ಗುಂಪಿನಲ್ಲಿ ಇಟ್ಟಿದೆ. ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಂಭವ ಬಲವಾಗಿದೆ ಎಂಬುದು ಆ ಗುಂಪಿನ ಅರ್ಥ. ಅದರೊಳಗಿರುವ ಬೆಂಜೊಪೈರೀನ್ ಅಂತೂ ಕ್ಯಾನ್ಸರ್ ತರುತ್ತದೆಂದು ಖಚಿತವಾದ ಒಂದನೇ ಗುಂಪಿನಲ್ಲಿದೆ. ಯುರೋಪಿನ ದೇಶಗಳು ಸಾಮಾನ್ಯ ಗ್ರಾಹಕರಿಗೆ ಕ್ರಿಯೋಸೋಟ್ ಮಾರುವುದನ್ನು 2003ರಲ್ಲಿ ನಿಲ್ಲಿಸಿದವು.

ಹೆಸರಿನ ಗೊಂದಲವನ್ನೂ ಇಲ್ಲೇ ಬಿಡಿಸಬೇಕು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಶುರುಮಾಡಿದ್ದು ಸೌದೆಯ ಇದ್ದಿಲಿನ ಮೇಲೆ. ಮರವನ್ನು ಭಟ್ಟಿ ಇಳಿಸಿ ಇದ್ದಿಲು ಮಾಡುವಾಗಲೂ ಟಾರು ಬರುತ್ತದೆ. ಅದರಿಂದ ತೆಗೆದ ಎಣ್ಣೆಗೂ ಕ್ರಿಯೋಸೋಟ್ ಎನ್ನುತ್ತಾರೆ, ಆದರೆ ಅದು ಬೇರೆ ವಸ್ತು. ಒಲೆಯ ಹೊಗೆಕೊಳವೆಯ ಒಳಗೆ ಕಟ್ಟುವ ಹೊಳಪಿನ ಕರಿಯ ಪದರಕ್ಕೂ ಅದೇ ಹೆಸರು, ಅದು ಮೂರನೆಯದು. ರಸ್ತೆಗೆ ಹಾಕುವ ಡಾಂಬರು ಪೆಟ್ರೋಲಿಯಂನಿಂದ ಬಂದ ಬಿಟುಮೆನ್. ಕರಿಬಣ್ಣ ನೋಡಿ ಎಲ್ಲವನ್ನೂ ಡಾಂಬರು ಎಂದು ಕರೆಯುವುದು ರೂಢಿ. ಆದರೆ ಬಿಟುಮೆನ್ ನೀರು ತಡೆಯುತ್ತದೆಯೇ ಹೊರತು ಬೂಷ್ಟನ್ನು ಕೊಲ್ಲುವುದಿಲ್ಲ. ಹಸಿ ಕಂಬದ ಬುಡಕ್ಕೆ ಡಾಂಬರು ಬಳಿದು ಹೂತರೆ ಒಳಗಿನ ನೀರು ಹೊರಬರಲು ದಾರಿಯಿಲ್ಲದೆ ಕಂಬ ಇನ್ನೂ ಬೇಗ ಲಡ್ಡಾಗುತ್ತದೆ.

ಇನ್ನು ಗುರುತು ಹಿಡಿಯುವ ಮಾತು. ಸ್ಲೀಪರ್ ಎಂದ ಮಾತ್ರಕ್ಕೆ ಕ್ರಿಯೋಸೋಟ್ ಕುಡಿದದ್ದೇ ಆಗಬೇಕಿಲ್ಲ. ಕಿರಾಲುಬೋಗಿ, ಜಂಬೆಯಂಥ ಗಟ್ಟಿ ಮರಗಳನ್ನು ಎಣ್ಣೆ ಕುಡಿಸದೆಯೂ ಹಾಕುತ್ತಿದ್ದರು. ಅಳತೆಯಿಂದ ಸ್ಲೀಪರ್ ಹೌದೋ ಅಲ್ಲವೋ ಗೊತ್ತಾಗುತ್ತದೆ. ಮೀಟರ್ ಗೇಜಿನದು ಸುಮಾರು 180 ಸೆಂಟಿಮೀಟರ್ ಉದ್ದ, 20 ಅಗಲ, ಹನ್ನೊಂದೂವರೆ ದಪ್ಪ. ಬ್ರಾಡ್‌ಗೇಜಿನದು 275 ಉದ್ದ, 25 ಅಗಲ, 13 ದಪ್ಪ. ಮೇಲ್ಮೈಯಲ್ಲಿ ಮೊಳೆ ಹೊಡೆದ ತೂತು, ತಲೆಭಾಗ ಸೀಳದಂತೆ ಬಡಿದ ಕಬ್ಬಿಣದ ಪಟ್ಟಿ ಕಾಣುತ್ತದೆ. ಎಣ್ಣೆ ಕುಡಿದದ್ದಾದರೆ ಬಣ್ಣ ಕಂದುಗಪ್ಪು. ಮೇಲ್ಮೈ ಬಿಳಿಚಿ ಬೂದಿಯಾಗಿದ್ದರೂ ಉಳಿಯಿಂದ ಅರ್ಧ ಇಂಚು ಕೆತ್ತಿದರೆ ಕಪ್ಪು ಕಾಣುತ್ತದೆ, ಟಾರು ಮತ್ತು ನುಸಿಗುಳಿಗೆ ಬೆರೆತ ವಾಸನೆ ಮೂಗಿಗೆ ಹೊಡೆಯುತ್ತದೆ.

ಅನುಮಾನ ಉಳಿದರೆ ಎರಡು ಸರಳ ಪರೀಕ್ಷೆಗಳಿವೆ. ಬೆರಳು ಗಾತ್ರದ ಚೂರನ್ನು ಗಾಜಿನ ಬಾಟಲಿಗೆ ಹಾಕಿ ಮುಚ್ಚಿ ಎರಡು ಗಂಟೆ ಬಿಸಿಲಲ್ಲಿಡಿ. ಮುಚ್ಚಳ ತೆಗೆದ ಕೂಡಲೇ, ಮೂಗು ಬಾಟಲಿಗೆ ಅಂಟಿಸದೆ, ಕೈಯಿಂದ ಗಾಳಿ ಬೀಸಿಕೊಂಡರೆ ಸಾಕು. ಇನ್ನೊಂದು, ಮಾರ್ಚ್ ಏಪ್ರಿಲ್ ಬಿಸಿಲಲ್ಲಿ ಮರದ ಮೇಲೆ ಬಿಳಿ ಬಟ್ಟೆ ಹಾಸಿ, ಮೇಲೆ ಕಲ್ಲು ಹೇರಿ ಒಂದು ಹಗಲು ಬಿಡಿ. ಕಂದು ಕಲೆ ಹತ್ತಿದರೆ ಎಣ್ಣೆ ಈಗಲೂ ಹೊರಗೆ ಬರುತ್ತಿದೆ ಎಂದರ್ಥ. ಒಮ್ಮೆ ಕಲೆ ಹತ್ತಲಿಲ್ಲವೆಂದು ಬಿಟ್ಟುಬಿಡಬೇಡಿ, ನಾಲ್ಕೂ ಮೈಗೆ ಮಾಡಿ.

ಹಳೆಯ ಕಂಬಗಳಲ್ಲಿ ಹಸಿರು ಛಾಯೆ ಕಂಡರೆ ಅದು ಇನ್ನೊಂದು ಮದ್ದು. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಸೊಂಟಿ ಕಾಮೇಶಂ 1933ರಲ್ಲಿ ಕಂಡುಹಿಡಿದ, ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿದ ಲವಣ. ಅದಕ್ಕೆ ವಾಸನೆ ಇಲ್ಲ. ಸುಟ್ಟರೆ ಆರ್ಸೆನಿಕ್ ಒಂದಷ್ಟು ಹೊಗೆಯಲ್ಲಿ ಹೋಗುತ್ತದೆ, ಉಳಿದದ್ದು ಬೂದಿಯಲ್ಲಿ ಕೂರುತ್ತದೆ. ಒಲೆಯ ಬೂದಿಯಿಂದ ಪಾತ್ರೆ ತಿಕ್ಕುವ, ಬಸಳೆ ಬುಡಕ್ಕೆ ಬೂದಿ ಹಾಕುವ ಮನೆಗಳಿಗೆ ಇದನ್ನು ಒತ್ತಿ ಹೇಳಬೇಕು.

ಈಗ ಒಲೆಯ ವಿಷಯ. ಮಲೆನಾಡಿನ ಬಚ್ಚಲೊಲೆಗೆ ಬೇಧಭಾವ ಇಲ್ಲ. ಸೋಗೆ, ಹಾಳೆ, ತೆಂಗಿನ ಮಟ್ಟೆ, ಮುರಿದ ಕುರ್ಚಿ, ಏನು ಕೊಟ್ಟರೂ ಉರಿಸುತ್ತದೆ. ಜಡಿಮಳೆ ಹಿಡಿದು ಸೌದೆಯೆಲ್ಲ ಹಸಿಯಾದಾಗ ಹಿತ್ತಿಲಲ್ಲಿ ಬಿದ್ದ ಸ್ಲೀಪರ್ ತುಂಡಿನ ಕಡೆ ಕಣ್ಣು ಹೋಗುವುದು ಸಹಜ. ಅದು ಎಣ್ಣೆ ಕುಡಿದ ಮರ. ಮಳೆಯಲ್ಲಿ ನೆನೆದಿದ್ದರೂ ಬೇಗ ಹತ್ತಿಕೊಳ್ಳುತ್ತದೆ, ಭಗ್ಗನೆ ಉರಿಯುತ್ತದೆ, ಹಂಡೆ ನೀರು ಬೇಗ ಕಾಯುತ್ತದೆ. ಕಷ್ಟ ಇರುವುದೇ ಅಲ್ಲಿ.

ಕ್ರಿಯೋಸೋಟಿನ ಭಾರದ ಅಣುಗಳು ಪೂರ್ತಿ ಸುಟ್ಟುಹೋಗಬೇಕಾದರೆ 850 ಡಿಗ್ರಿಗೂ ಮೀರಿದ ಶಾಖ, ಧಾರಾಳ ಗಾಳಿ, ಆ ಶಾಖದಲ್ಲೇ ಹೊಗೆ ಸಾಕಷ್ಟು ಹೊತ್ತು ನಿಲ್ಲುವ ಕುಲುಮೆ ಬೇಕು. ಬಚ್ಚಲೊಲೆಯಲ್ಲಿ ಮೂರೂ ಇಲ್ಲ. ಉರಿಯ ನೆತ್ತಿಯ ಮೇಲೆ ತಣ್ಣೀರು ತುಂಬಿದ ತಾಮ್ರದ ಹಂಡೆ ಕೂತಿರುತ್ತದೆ. ಜ್ವಾಲೆ ಹಂಡೆಯ ತಳಕ್ಕೆ ತಾಗಿದ ಕೂಡಲೇ ತಣಿದು ಅರೆಬೆಂದ ಹೊಗೆಯಾಗುತ್ತದೆ. ಮೇಲಾಗಿ ನಾವು ದಪ್ಪ ಕುಂಟೆಯ ತುದಿಯನ್ನಷ್ಟೇ ಒಲೆಗಿಟ್ಟು, ಸುಟ್ಟಂತೆ ದೂಡುತ್ತ ಹೋಗುವವರು. ರಾತ್ರಿಯಿಡೀ ಕೆಂಡ ಮುಸುಕಿ ಹೊಗೆಯಾಡುತ್ತದೆ. ಬೆಂಜೊಪೈರೀನ್ ತುಂಬಿದ ಮಸಿ ಆ ಹೊಗೆಯಲ್ಲಿ ಬರುತ್ತದೆ, ಮತ್ತು ಸ್ನಾನಕ್ಕೆ ನಿಂತವರು ಅದನ್ನೇ ಉಸಿರಾಡುತ್ತಾರೆ. ಹಸುಗೂಸನ್ನು ಎರೆಯುವುದೂ, ಬಾಣಂತಿಗೆ ನೀರು ಹಾಕುವುದೂ ಅದೇ ಬಚ್ಚಲಲ್ಲಿ ಎಂಬುದನ್ನು ದಯವಿಟ್ಟು ನೆನಪಿಡಿ.

ಅಸ್ತ್ರ ಒಲೆ (ಹೊಗೆಕೊಳವೆ ಇರುವ ಸುಧಾರಿತ ಒಲೆ) ಇರುವ ಮನೆಯವರು ಹೊಗೆ ಕೊಳವೆಯಲ್ಲಿ ಹೊರಗೆ ಹೋಗುತ್ತದಲ್ಲ ಎನ್ನಬಹುದು. ಹೋಗುವ ದಾರಿಯಲ್ಲಿ ಆ ಟಾರು ಕೊಳವೆಯ ತಣ್ಣನೆಯ ಒಳಮೈಗೆ ಅಂಟುತ್ತದೆ. ಬರಬರುತ್ತ ಕೊಳವೆ ಕಿರಿದಾಗಿ ಹೊಗೆ ಹಿಂದಕ್ಕೆ ಹೊಡೆಯುತ್ತದೆ. ಒಂದು ದಿನ ಜೋರು ಉರಿ ಹಾಕಿದಾಗ ಅಂಟಿದ ಟಾರೇ ಹೊತ್ತಿಕೊಂಡು ಕೊಳವೆ ಕೆಂಪಗೆ ಕಾಯುತ್ತದೆ. ಪಕ್ಕದಲ್ಲೇ ಪಕಾಸಿ, ರೀಪು, ಅಟ್ಟದ ಮೇಲೆ ಅಡಿಕೆ ಗೋಣಿ. ಹಾಗೆ ಆದರೆ ಕೊಳವೆಗೆ ನೀರು ಸುರಿಯಬೇಡಿ, ಒಡೆಯುತ್ತದೆ. ಒಲೆಯ ಬಾಯಿಯನ್ನು ತಗಡಿನಿಂದ ಮುಚ್ಚಿ ಗಾಳಿ ತಡೆಯಿರಿ, ಮನೆಯವರನ್ನು ಹೊರಗೆ ಕಳಿಸಿ, 101ಕ್ಕೋ 112ಕ್ಕೋ ಕರೆ ಮಾಡಿ. ಒಳ್ಳೆ ಸೌದೆಯನ್ನೇ ಉರಿಸುವವರೂ ಮಳೆಗಾಲಕ್ಕೆ ಮೊದಲೊಮ್ಮೆ, ದೀಪಾವಳಿ ಹೊತ್ತಿಗೆ ಇನ್ನೊಮ್ಮೆ ಕೊಳವೆ ಗುಡಿಸಬೇಕು.

ಅಡಿಕೆ ಬೇಯಿಸುವ ಒಲೆಗೂ, ಆಲೆಮನೆಯ ಒಲೆಗೂ ಇದೇ ಮಾತು. ಬಯಲಲ್ಲಿ ಉರಿಯುತ್ತದೆ ಎಂಬ ಸಮಾಧಾನ ಬೇಡ. ಹೊಗೆ ಬಾನಿಯ ಮೇಲೇ ಸುಳಿಯುತ್ತದೆ, ಮಸಿ ಬೆಲ್ಲದ ಪಾಕಕ್ಕೂ ಅಡಿಕೆಗೂ ಬೀಳುತ್ತದೆ. ದರಕಿನ ರಾಶಿಯ ಜೊತೆ ತೋಟದ ಮೂಲೆಯಲ್ಲಿ ಸುಡುವುದೂ ಬೇಡ.

ಮುಟ್ಟುವ ಕೆಲಸಕ್ಕೆ ಬರೋಣ. ಮೀಟರ್ ಗೇಜ್ ಸ್ಲೀಪರ್ ಒಂದು ಸುಮಾರು 40 ಕಿಲೋ ತೂಗುತ್ತದೆ, ಬ್ರಾಡ್‌ಗೇಜಿನದು 80ರ ಆಸುಪಾಸು. ಲಾರಿಯಿಂದ ಇಳಿಸುವವರು ಹೆಗಲಿಗೆ ಗೋಣಿ ಮಡಚಿ ಹಾಕಿಕೊಳ್ಳುತ್ತಾರೆ. ಆ ಗೋಣಿ ಎಣ್ಣೆ ಹೀರಿ ದಿನವಿಡೀ ಹೆಗಲಿಗೆ, ಕುತ್ತಿಗೆಗೆ ಉಜ್ಜುತ್ತಿರುತ್ತದೆ. ಗೋಣಿಯ ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಕಲು ಹೇಳಿ, ಕೆಲಸ ಮುಗಿದ ಮೇಲೆ ಗೋಣಿಯನ್ನು ಮತ್ತೆ ಬಳಸಬೇಡಿ, ಅದರಲ್ಲಿ ಭತ್ತ ತುಂಬುವುದಂತೂ ಬೇಡವೇ ಬೇಡ. ಹತ್ತಿ ಗ್ಲೌಸೂ ಚರ್ಮದ ಗ್ಲೌಸೂ ಎಣ್ಣೆ ಕುಡಿಯುತ್ತವೆ. ನೈಟ್ರೈಲ್ ಅಥವಾ ಪಿವಿಸಿ ಗ್ಲೌಸು ಬೇಕು. ತುಂಬುತೋಳಿನ ಅಂಗಿ, ಪೂರಾ ಪ್ಯಾಂಟು, ಕಾಲಿಗೆ ಗಮ್‌ಬೂಟು.

ಹೊತ್ತು ನೋಡಿ ಕೆಲಸ ಹಿಡಿಯುವುದು ಇದರಲ್ಲಿ ಬಹಳ ಮುಖ್ಯ. ಕ್ರಿಯೋಸೋಟಿನ ಆಂತ್ರಸೀನ್‌ನಂಥ ಅಂಶಗಳು ಚರ್ಮದ ಮೇಲಿದ್ದಾಗ ಬಿಸಿಲು ಬಿದ್ದರೆ ಚರ್ಮ ಸುಟ್ಟಂತೆ ಕೆಂಪಾಗಿ ಉರಿಯುತ್ತದೆ, ಕೆಲವರಿಗೆ ಗುಳ್ಳೆ ಏಳುತ್ತದೆ, ಗುಣವಾದ ಮೇಲೂ ಕಪ್ಪು ಕಲೆ ಉಳಿಯುತ್ತದೆ. ಕೆಲಸ ಮಾಡುವಾಗ ಏನೂ ಅನ್ನಿಸದೆ, ಆಮೇಲೆ ಬಿಸಿಲಿಗೆ ಹೋದಾಗ ಉರಿ ಶುರುವಾಗುವುದರಿಂದ ಕಾರಣ ಗೊತ್ತಾಗುವುದಿಲ್ಲ. ಮೋಡ ಕವಿದ ದಿನ ಅಥವಾ ಇಳಿಹೊತ್ತಿನಲ್ಲಿ ಕೆಲಸ ಮಾಡಿ, ಅದೇ ಸಂಜೆ ಮೈ ತೊಳೆದುಕೊಳ್ಳಿ. ಬಿಸಿಲು ಕಡಿಮೆಯಾದರೆ ಎಣ್ಣೆಯೂ ಕಡಿಮೆ ಒಸರುತ್ತದೆ.

ಟಾರು ಕೈಗೆ ಹತ್ತಿದರೆ ಸೀಮೆಎಣ್ಣೆ, ಪೆಟ್ರೋಲ್, ಥಿನ್ನರ್ ಮುಟ್ಟಬೇಡಿ. ಅವು ಟಾರನ್ನು ಕರಗಿಸಿ ಚರ್ಮದೊಳಕ್ಕೇ ಇಳಿಸುತ್ತವೆ. ಕೊಬ್ಬರಿ ಎಣ್ಣೆಯೋ ಅಡುಗೆ ಎಣ್ಣೆಯೋ ಹಚ್ಚಿ, ಮೆದುವಾದ ಮೇಲೆ ಹಳೆ ಬಟ್ಟೆಯಿಂದ ಒರೆಸಿ ತೆಗೆದು, ಆಮೇಲೆ ಸೋಪು ನೀರಿನಲ್ಲಿ ಎರಡು ಮೂರು ಸಲ ತೊಳೆಯಿರಿ. ಕಣ್ಣಿಗೆ ಹಾರಿದರೆ ಹರಿಯುವ ನೀರಿನಲ್ಲಿ ಕಾಲು ಗಂಟೆ ತೊಳೆದು ವೈದ್ಯರಲ್ಲಿಗೆ ಹೋಗಿ. ಡಬ್ಬಿಯ ಕ್ರಿಯೋಸೋಟನ್ನು ಮಗು ಬಾಯಿಗೆ ಹಾಕಿಕೊಂಡರೆ ವಾಂತಿ ಮಾಡಿಸಬೇಡಿ, ಎಣ್ಣೆ ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ಡಬ್ಬಿಯ ಸಮೇತ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಕೆಲಸದ ಬಟ್ಟೆಯನ್ನು ಮನೆಬಟ್ಟೆಯ ಜೊತೆ ಒಗೆಯಬಾರದು.

ಕೊಯ್ಯುವುದು ಕೊನೆಯ ದಾರಿ. ಆದಷ್ಟೂ ಇದ್ದ ಉದ್ದದಲ್ಲೇ ಬಳಸಿ. ಕೊಯ್ಯಲೇಬೇಕಾದರೆ ಮೊದಲು ಅಯಸ್ಕಾಂತ ಆಡಿಸಿ ಮುರಿದ ಮೊಳೆ ಹುಡುಕಿ. ಮೈ ಒಳಗೆ ಮುಳುಗಿದ ಮೊಳೆಗೆ ಚೈನ್‌ಸಾ ತಾಗಿದರೆ ಸರಪಳಿ ಹರಿದು ಮುಖಕ್ಕೆ ಹಾರಬಹುದು. ಬಯಲಲ್ಲಿ, ಗಾಳಿ ಬರುವ ದಿಕ್ಕಿಗೆ ಬೆನ್ನು ಮಾಡಿ, ಅಡಿಗೆ ಟಾರ್ಪಾಲು ಹಾಸಿ, ಕೈಗರಗಸದಿಂದ ಕೊಯ್ಯುವುದು ಉತ್ತಮ. ವೇಗದ ಚಕ್ರ ಗರಗಸ ಹುಡಿಯನ್ನು ನುಣ್ಣಗೆ ಮಾಡಿ ತೂರುತ್ತದೆ, ಮರವನ್ನು ಕಾಯಿಸಿ ಆವಿಯನ್ನೂ ಎಬ್ಬಿಸುತ್ತದೆ. ಎನ್95 ಮಾಸ್ಕ್ ಹುಡಿಯನ್ನು ತಡೆಯುತ್ತದೆ, ಆವಿಯನ್ನು ತಡೆಯುವುದಿಲ್ಲ. ದಿನವಿಡೀ ಇದೇ ಕೆಲಸ ಮಾಡುವ ಬಡಗಿಗಳಿಗೆ ಇದ್ದಿಲಿನ ಕಾರ್ಟ್ರಿಜ್ ಇರುವ ಮುಖಕವಚ ಬೇಕು. ಮರದ ಹುಡಿಯನ್ನು ಟಾರ್ಪಾಲಿನ ಸಮೇತ ಮಡಚಿ ದಪ್ಪ ಚೀಲಕ್ಕೆ ತುಂಬಿ. ಕೊಟ್ಟಿಗೆಗೆ ಹಾಸಲು, ಗೊಬ್ಬರಗುಂಡಿಗೆ ಹಾಕಲು, ಕೋಳಿಗೂಡಿಗೆ ಹರಡಲು ಅದು ಬೇಡ.

ಇದೇ ಕಾರಣಕ್ಕೆ ಸ್ಲೀಪರ್ ಮರದ ಪೀಠೋಪಕರಣದ ಬಗ್ಗೆ ನಮಗೆ ಗಟ್ಟಿ ತಕರಾರಿದೆ. ಹತ್ರಿ ಹಿಡಿದು ಮೇಲಿನ ಒಂದಿಂಚು ತೆಗೆದರೆ ಒಳಗೆ ಅಪ್ಪಟ ಮರ ಸಿಗುತ್ತದೆ ಎನ್ನುತ್ತಾರೆ. ಅರ್ಧ ನಿಜ. ಬಿಳಿಗೋಡು, ಅಂದರೆ ತೊಗಟೆಗೆ ಹತ್ತಿದ ಬಿಳಿಯ ಮರ, ಎಣ್ಣೆಯನ್ನು ಪೂರಾ ಕುಡಿಯುತ್ತದೆ, ಸಾಲ ಮರದಂಥ ಗಟ್ಟಿ ಕೆಚ್ಚು ಮೇಲಿನ ಪದರದಲ್ಲಷ್ಟೇ ಕುಡಿಯುತ್ತದೆ. ಆದರೆ ಕತ್ತರಿಸಿದ ತಲೆಯ ಕಡೆಯಿಂದ, ಮೊಳೆಯ ತೂತಿನಿಂದ, ಸೀಳಿನಿಂದ ಎಣ್ಣೆ ಆಳಕ್ಕೆ ಇಳಿದಿರುತ್ತದೆ. ಚಳಿಗಾಲದಲ್ಲಿ ಕೊಂಡ ಮೇಜು ವಾಸನೆಯಿಲ್ಲದೆ ಚೆನ್ನಾಗಿರುತ್ತದೆ, ಏಪ್ರಿಲ್ ಬಂದಾಗ ಸೀಳುಗಳಲ್ಲಿ ಕರಿ ಮುತ್ತು ಮೂಡುತ್ತದೆ. ಊಟದ ಮೇಜು, ಮಂಚ, ತೊಟ್ಟಿಲು, ಅಡುಗೆಮನೆಯ ಕಪಾಟು, ಅಕ್ಕಿ ಕಣಜ, ಜೇನುಪೆಟ್ಟಿಗೆ, ಇವು ಯಾವುದಕ್ಕೂ ಈ ಮರ ಸಲ್ಲದು.

ಈಗಾಗಲೇ ಮನೆಯೊಳಗೆ ತೊಲೆಯಾಗಿಯೋ ಮೆಟ್ಟಿಲಾಗಿಯೋ ಕೂತಿದ್ದರೆ, ತೆಗೆಯುವುದು ಕಷ್ಟವಾದರೆ, ಮೈ ಮುಚ್ಚುವ ದಾರಿ ಇದೆ. ಸಾಮಾನ್ಯ ಆಯಿಲ್ ಪೇಂಟು ನಿಲ್ಲುವುದಿಲ್ಲ. ಕಂದು ಕಲೆ ಮೇಲಕ್ಕೆ ಹಾಯುತ್ತದೆ, ಬಣ್ಣ ಅಂಟಂಟಾಗಿಯೇ ಉಳಿದು ಸುಲಿಯುತ್ತದೆ. ಈ ಕಲೆಯನ್ನು ತಡೆಯುವ ಶಕ್ತಿ ನಮ್ಮ ಅರಗಿಗಿದೆ. ಮರ ಚೆನ್ನಾಗಿ ಒಣಗಿರುವ ಜನವರಿ, ಫೆಬ್ರವರಿಯಲ್ಲಿ ಕೆಲಸ ಹಿಡಿಯಿರಿ. ಮರಳುಕಾಗದ ಹಾಕಬೇಡಿ, ಹುಡಿ ಏಳುತ್ತದೆ. ಒಸರಿದ ಟಾರನ್ನು ಚಪ್ಪಟೆ ಉಳಿಯಿಂದ ಹೆರೆದು ತೆಗೆದು, ಸೋಪು ನೀರಿನ ಬಟ್ಟೆಯಿಂದ ಒರೆಸಿ, ನಾಲ್ಕು ದಿನ ಒಣಗಲು ಬಿಡಿ. ಒಂದು ಲೀಟರ್ ಪಾಲಿಷ್ ಸ್ಪಿರಿಟ್ಟಿಗೆ 250 ಗ್ರಾಂ ಮೇಣ ತೆಗೆದ ಅರಗಿನ ಚಕ್ಕೆ ಹಾಕಿ ರಾತ್ರಿ ನೆನೆಸಿದರೆ ಬೆಳಿಗ್ಗೆಗೆ ಕರಗಿರುತ್ತದೆ. ಸೋಸಿ, ಮೂರು ಕೈ ಬಳಿಯಿರಿ, ಪ್ರತಿ ಕೈಗೂ ನಡುವೆ ಎರಡು ಮೂರು ಗಂಟೆ ಬಿಡಿ. ಸೀಳು ಮತ್ತು ತಲೆಭಾಗಕ್ಕೆ ಇನ್ನೊಂದು ಕೈ ಹೆಚ್ಚು. ಬಳಿಯುವಾಗ ದೀಪ, ಒಲೆ, ಬೀಡಿ ಹತ್ತಿರ ಸುಳಿಯಬಾರದು, ಸ್ಪಿರಿಟ್ ಕಣ್ಣಿಗೆ ಕಾಣದ ಉರಿಯಲ್ಲಿ ಹೊತ್ತಿಕೊಳ್ಳುತ್ತದೆ. ಮೇಲೆ ಪಾಲಿಯುರೆಥೇನ್ ವಾರ್ನಿಷ್ ಎರಡು ಕೈ. ಆದರೆ ಅರಗು ನೀರಿಗೆ ಬಿಳಿಚಿಕೊಳ್ಳುತ್ತದೆ. ಇರಚಲು ಹೊಡೆಯುವ ಜಗಲಿ, ಹೊರಗಿನ ಮೆಟ್ಟಿಲಿಗೆ ಅದು ಬಾಳದು, ಅಲ್ಲಿಗೆ ಎರಡು ಡಬ್ಬಿ ಬೆರೆಸುವ ಎಪಾಕ್ಸಿಯೇ ಬೇಕು. ಹೀಗೆ ಮುಚ್ಚಿದ್ದು ಶಾಶ್ವತವಲ್ಲ, ಪ್ರತಿ ಬೇಸಿಗೆಯಲ್ಲಿ ಒಸರು ನೋಡಿ ತೇಪೆ ಹಾಕುತ್ತಿರಬೇಕು.

ಮಣ್ಣು, ನೀರಿನ ಲೆಕ್ಕ ಮಲೆನಾಡಿನಲ್ಲಿ ಬೇರೆಯೇ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ. ಕ್ರಿಯೋಸೋಟಿನ ಭಾರದ ಅಂಶಗಳು ಮಣ್ಣಿಗೆ ಅಂಟಿ ಕಂಬದ ಬುಡದ ಸುತ್ತ ಒಂದೆರಡು ಅಡಿಯೊಳಗೇ ಹೆಚ್ಚಾಗಿ ಉಳಿಯುತ್ತವೆ. ಫಿನಾಲ್, ನ್ಯಾಫ್ತಲೀನ್‌ನಂಥ ಹಗುರದವು ನೀರಿನೊಂದಿಗೆ ಹರಿಯುತ್ತವೆ. ಮಳೆಗಾಲದಲ್ಲಿ ನಮ್ಮ ಬಾವಿಗಳ ನೀರು ಕೈಗೆಟುಕುವಷ್ಟು ಮೇಲೆ ಬರುವುದರಿಂದ ಬಾವಿ, ಅಬ್ಬಿ ನೀರಿನ ದಾರಿ, ಮೀನು ಸಾಕುವ ಹೊಂಡಗಳಿಂದ ಕನಿಷ್ಠ 30 ಅಡಿ ದೂರ ಮತ್ತು ಅವಕ್ಕಿಂತ ತಗ್ಗಿನಲ್ಲಿ ಮಾತ್ರ ಈ ಮರ ಇರಬೇಕೆಂಬುದು ನಮ್ಮ ಸಲಹೆ. ಬಾವಿಗಟ್ಟೆಯ ಅಡ್ಡ ದಿಮ್ಮಿಯಾಗಿ ಇಟ್ಟಿದ್ದರೆ ಈ ವಾರವೇ ತೆಗೆಯಿರಿ. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ ಮೇಲೆ ನೀರಿಗೆ ಔಷಧಿಯಂಥ ಕಟುವಾಸನೆ ಬಂದರೆ ಫಿನಾಲ್ ಸೇರಿದೆಯೇ ಎಂದು ಅನುಮಾನಿಸಬೇಕು. ಅತ್ಯಲ್ಪ ಫಿನಾಲೂ ಕ್ಲೋರಿನ್ ಜೊತೆ ಸೇರಿ ಆ ವಾಸನೆ ಕೊಡುತ್ತದೆ.

ತರಕಾರಿ ಮಡಿಗೆ ಸ್ಲೀಪರಿನ ಅಂಚು ಕಟ್ಟಬೇಡಿ. ಮೂಲಂಗಿ, ಗೆಣಸು, ಸುವರ್ಣಗಡ್ಡೆಯಂಥವು ಮಣ್ಣಿನಲ್ಲೇ ಹೂತಿರುವಂಥವು, ಸಿಪ್ಪೆಗೆ ಅಂಟುತ್ತದೆ. ಹೊಸ ಒಸರಿನ ಆವಿಗೆ ಎಳೆ ಎಲೆಗಳು ಅಂಚಿನಿಂದ ಸುಟ್ಟು ಮುರುಟುತ್ತವೆ. ಅಡಿಕೆ ಚಪ್ಪರಕ್ಕೆ ಕಾಲಾಗಿದ್ದರೆ ಇರಲಿ, ಮೇಲೆ ಅಡಿಕೆ ತಾಗುವ ದಬ್ಬೆ, ಅಡ್ಡಪಟ್ಟಿ ಮಾತ್ರ ಬೇರೆ ಮರದ್ದಾಗಬೇಕು. ಕೊಟ್ಟಿಗೆಯಲ್ಲಿ ಕರು ಮೂಸಿ ನೆಕ್ಕುವ ಎತ್ತರದಲ್ಲಿ, ಅಂದರೆ ನೆಲದಿಂದ ನಾಲ್ಕೂವರೆ ಅಡಿಯ ತನಕ, ತಗಡು ಹೊಡೆದು ಮುಚ್ಚಿ. ಗೋದಲಿಗಂತೂ ಬಳಸಲೇಬಾರದು. ಫಿನಾಲನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ತೀರ ಕಡಿಮೆ, ಪಾದಕ್ಕೆ ಹತ್ತಿದ ಟಾರನ್ನು ನೆಕ್ಕಿಕೊಂಡೇ ಅದು ಕಾಯಿಲೆ ಬೀಳಬಹುದು.

ಹಳೆಯ ಕಂಬ ಕಿತ್ತಾಗ ಗುಳಿಯ ಸುತ್ತ ಕಪ್ಪಾದ, ವಾಸನೆ ಬರುವ ಮಣ್ಣನ್ನು ಒಂದಡಿಯವರೆಗೆ ಅಗೆದು ಚೀಲಕ್ಕೆ ತುಂಬಿ, ಹೊಸ ಮಣ್ಣು ತುಂಬಿ. ಅಲ್ಲಿ ಕೆಲವು ವರ್ಷ ಹೂವಿನ ಗಿಡ ಇರಲಿ. ಕಿತ್ತ ಮರ ಗಟ್ಟಿಯಿದ್ದರೆ ನೆಲದಿಂದ ಮೇಲೆ ಕಲ್ಲಿನ ಮೇಲಿಟ್ಟು ಮಳೆ ತಾಗದಂತೆ ತಗಡು ಮುಚ್ಚಿ, ಬೇಲಿಗೋ ಧರೆಯ ಅಡ್ಡಕ್ಕೋ ಮತ್ತೆ ಬಳಸಿ. ಲಡ್ಡಾಗಿದ್ದರೆ, ತುಂಡಾಗಿದ್ದರೆ ಚೀಲ ಕಟ್ಟಿ ಒಣ ಜಾಗದಲ್ಲಿಡಿ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಶಿವಮೊಗ್ಗ ಕಚೇರಿಗೆ ಬರೆದು ವಿಲೇವಾರಿಯ ದಾರಿ ಕೇಳಿ. ಒಬ್ಬೊಬ್ಬರೇ ಕೇಳುವುದಕ್ಕಿಂತ ಗ್ರಾಮ ಪಂಚಾಯಿತಿಯ ಮೂಲಕ ಹತ್ತು ಮನೆಯ ಸಾಮಾನು ಒಟ್ಟು ಮಾಡಿ ಕೇಳುವುದು ಮೇಲು.

ಬದಲಿಗೆ ಏನು ಬಳಸಬೇಕು? ಬೇಲಿಗೆ ಕಲ್ಲುಕಂಬವೋ ಸಿಮೆಂಟ್ ಕಂಬವೋ ಆದರೆ ಚಿಂತೆಯಿಲ್ಲ. ಗೊಬ್ಬರದ ಗಿಡದ ಗೂಟ ನೆಟ್ಟರೆ ಬೇಲಿಯ ಜೊತೆ ಸೊಪ್ಪೂ ಸಿಗುತ್ತದೆ. ಧರೆಗೆ ಜಂಬಿಟ್ಟಿಗೆ ಇದೆ. ಮರವೇ ಬೇಕೆಂದರೆ ನೆಲಕ್ಕೆ ಹೂಳದಿರುವುದೇ ದೊಡ್ಡ ಮದ್ದು. ಮರ ಮೊದಲು ಲಡ್ಡಾಗುವುದು ನೆಲಮಟ್ಟದ ಒಂದು ಗೇಣಿನಲ್ಲಿ, ಹಸಿಯೂ ಗಾಳಿಯೂ ಸೇರುವ ಜಾಗದಲ್ಲಿ. ಒಂದೂವರೆ ಅಡಿ ಕಲ್ಲಿನ ಮೋಟು ಹೂತು, ಅದಕ್ಕೆ ಎರಡು ಬೋಲ್ಟಿನಲ್ಲಿ ಮರದ ಕಂಬ ಬಿಗಿದು, ಮರದ ಬುಡ ನೆಲದಿಂದ ನಾಲ್ಕು ಬೆರಳು ಮೇಲೆ ನಿಲ್ಲುವಂತೆ ಮಾಡಿ. ತಲೆಯನ್ನು ಓರೆಯಾಗಿ ಕತ್ತರಿಸಿದರೆ ನೀರು ನಿಲ್ಲುವುದಿಲ್ಲ. ಮಾಡಿನೊಳಗಿನ ರೀಪು, ಪಕಾಸಿ, ಬಿದಿರಿಗೆ ಬೋರಾಕ್ಸ್ ದ್ರಾವಣ ಸಾಕು. 100 ಲೀಟರ್ ನೀರಿಗೆ 3 ಕಿಲೋ ಬೋರಾಕ್ಸ್, 2 ಕಿಲೋ ಬೋರಿಕ್ ಆಸಿಡ್ ಕರಗಿಸಿ, ಹಸಿ ಇರುವಾಗಲೇ ಒಂದು ವಾರ ಮುಳುಗಿಸಿಟ್ಟು ನೆರಳಲ್ಲಿ ಒಣಗಿಸಿ. ಬಿದಿರಾದರೆ ಗೆಣ್ಣುಗಳಲ್ಲಿ ತೂತು ಕೊರೆಯಬೇಕು, ಇಲ್ಲವಾದರೆ ದ್ರಾವಣ ಒಳಗೆ ಹೋಗದು. ಮಳೆಗೆ ಇದು ತೊಳೆದುಹೋಗುತ್ತದೆ, ಆದ್ದರಿಂದ ಒಳಗಿನ ಮರಕ್ಕೆ ಮಾತ್ರ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಗ್ಯಾರೇಜಿನಿಂದ ತಂದ ಸುಟ್ಟ ಎಂಜಿನ್ ಆಯಿಲ್ ಬಳಿದರೆ ಆಗದೇ ಎಂದು ಒಬ್ಬರು ಕೇಳಿದರು. ಆಗದು. ಅದು ಮರದ ಮೈಗಷ್ಟೇ ಹತ್ತುತ್ತದೆ, ಬೂಷ್ಟನ್ನು ಕೊಲ್ಲುವ ಗುಣ ಕಡಿಮೆ. ಅದರಲ್ಲೂ ಎಂಜಿನಿನಲ್ಲಿ ಬೆಂದು ಹುಟ್ಟಿದ ಅದೇ ಜಾತಿಯ ವಿಷಗಳಿವೆ, ಜೊತೆಗೆ ಲೋಹದ ಅಂಶವೂ ಇದೆ. ಗೇರೆಣ್ಣೆಯ ಬಗ್ಗೆ ಇನ್ನೊಬ್ಬರು ಕೇಳಿದರು. ಕರಾವಳಿಯವರು ದೋಣಿಗೆ ಬಳಿಯುತ್ತ ಬಂದಿದ್ದಾರೆ, ಒರಲೆಯನ್ನು ತಕ್ಕಮಟ್ಟಿಗೆ ತಡೆಯುತ್ತದೆ. ಹಸಿ ಎಣ್ಣೆ ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ, ಗ್ಲೌಸು ಹಾಕಿ ಬಳಿದು ಪೂರ್ತಿ ಒಣಗುವ ತನಕ ಮಕ್ಕಳನ್ನು ದೂರವಿಡಬೇಕು.

ಹಿರಿಯ ತಾಯಿಯೊಬ್ಬರು, ಎರಡು ವರ್ಷದಿಂದ ಬಚ್ಚಲೊಲೆಗೆ ಸ್ಲೀಪರ್ ತುಂಡನ್ನೇ ಹಾಕುತ್ತಿದ್ದೇವೆ, ಈಗೇನು ಮಾಡುವುದು ಎಂದು ಕೇಳಿದರು. ಇವತ್ತಿನಿಂದ ನಿಲ್ಲಿಸಿ ಅಮ್ಮ. ಉಳಿದ ತುಂಡುಗಳನ್ನು ಸೌದೆಕೊಟ್ಟಿಗೆಯಿಂದ ಬೇರೆ ಮಾಡಿ, ಇಲ್ಲದಿದ್ದರೆ ಮಳೆಗಾಲದ ಕತ್ತಲಲ್ಲಿ ಯಾರೋ ಎತ್ತಿ ಹಾಕುತ್ತಾರೆ. ಒಲೆ ಪೂರ್ತಿ ತಣಿದ ಮೇಲೆ ಬೂದಿಯನ್ನು ನೀರು ಚಿಮುಕಿಸಿ ತೆಗೆದು ಚೀಲಕ್ಕೆ ಹಾಕಿ, ತೋಟಕ್ಕೆ ಎರಚಬೇಡಿ. ಹಂಡೆಯ ತಳ, ಬಚ್ಚಲ ಗೋಡೆ, ಜಂತಿಯ ಮೇಲೆ ಕಟ್ಟಿದ ಮಸಿಯನ್ನು ಒಣಗಿದ್ದಾಗ ಕೆರೆಯಬೇಡಿ. ಮೂಗಿಗೆ ಮಾಸ್ಕ್, ಕೈಗೆ ಗ್ಲೌಸು ಹಾಕಿ, ಬಿಸಿ ಸೋಪು ನೀರಿನಲ್ಲಿ ನೆನೆಸಿದ ಬಟ್ಟೆಯಿಂದ ಮೇಲಿನಿಂದ ಕೆಳಕ್ಕೆ ಒರೆಸಿ, ಆ ಬಟ್ಟೆಗಳನ್ನೂ ಅದೇ ಚೀಲಕ್ಕೆ ಹಾಕಿ ಕಟ್ಟಿ. ಮನೆಯಲ್ಲಿ ಯಾರಿಗಾದರೂ ಕೆಮ್ಮು ಬಿಡದಿದ್ದರೆ, ಚರ್ಮದ ಮೇಲೆ ವಾಸಿಯಾಗದ ಹುಣ್ಣೋ ಬೆಳೆಯುವ ಗಂಟೋ ಇದ್ದರೆ ವೈದ್ಯರಲ್ಲಿಗೆ ಹೋದಾಗ ಒಲೆಗೆ ಏನು ಹಾಕುತ್ತಿದ್ದಿರಿ ಎಂಬುದನ್ನೂ ಹೇಳಿ.